ನಾಯಿಮರಿಗೆ ಹಿಂದೆ ಸರಿಯುವ ಪಾಠ

ಕನ್ನಡ ನಾಡಿನಲ್ಲಿ ನಾಯಿಗೆ ಸಂದ ಗೌರವ ಸಾಮಾನ್ಯವಾದುದಲ್ಲ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತ ಹತ್ತನೆಯ ಶತಮಾನದ ಶಾಸನವು, ಕಾಡುಹಂದಿಯೊಡನೆ ಹೋರಾಡಿ ಮಡಿದ ‘ಕಾಳಿ’ ಎಂಬ ಬೇಟೆನಾಯಿಯ ನೆನಪನ್ನು ಇಂದಿಗೂ ಉಳಿಸಿದೆ. ಮುಧೋಳದ ಬೇಟೆನಾಯಿಯ ಚಿತ್ರವುಳ್ಳ ಅಂಚೆಚೀಟಿ 2005ರಲ್ಲಿ ಹೊರಬಂದಿತು; 2016ರಲ್ಲಿ ಆ ತಳಿಯ ಮರಿಗಳು ಸೇನೆಯ ತರಬೇತಿಗಾಗಿ ದೆಹಲಿಗೆ ಸಮೀಪದ ಮೀರತ್‌ಗೆ ಬಂದವು. ಈ ಕೀರ್ತಿಗೆಲ್ಲ ಕಾರಣ ಮುನ್ನುಗ್ಗುವ ಗುಣ. ಆದರೆ ಮುನ್ನುಗ್ಗುವುದು ನಾಯಿಗೆ ಹುಟ್ಟುಗುಣ. ಹಿಂದೆ ಸರಿಯುವುದು ಕಲಿತು ಬರಬೇಕಾದ ಗುಣ.

ದ್ವಾರಕಾ, ಮಯೂರ ವಿಹಾರ, ನೋಯಿಡಾಗಳ ಫ್ಲ್ಯಾಟುಗಳಲ್ಲಿ ಬಾಳುವ ಕುಟುಂಬಗಳಿಗೆ ಈ ಎರಡನೆಯ ಗುಣವೇ ಹೆಚ್ಚು ಅವಶ್ಯಕ. ಲಿಫ್ಟಿನ ಬಾಗಿಲು ತೆರೆದೊಡನೆ ಎದುರಿಗೆ ನೆರೆಮನೆಯ ಮಗುವಿರಬಹುದು. ಕರೆಗಂಟೆ ಬಾರಿಸಿದವರು ಊರುಗೋಲು ಹಿಡಿದ ವೃದ್ಧರಿರಬಹುದು. ಮರಿ ಪ್ರೀತಿಯಿಂದಲೇ ಹಾರಿದರೂ ಬಿದ್ದವರ ಮೂಳೆ ಮುರಿಯಬಹುದು. ಬೀದಿನಾಯಿಗಳ ಬಗ್ಗೆ ಸರ್ವೋಚ್ಚ ನ್ಯಾಯಾಲಯವು 2025ರ ಆಗಸ್ಟ್ 11ರಂದು ನೀಡಿ, 22ರಂದು ಮಾರ್ಪಡಿಸಿದ ಆದೇಶಗಳ ತರುವಾಯ ದೆಹಲಿಯಲ್ಲಿ ನಾಯಿಯ ಮಾತೆಂದರೆ ನೆರೆಹೊರೆಯವರಲ್ಲಿ ವಾಗ್ವಾದವಾಗಿದೆ. ಇಂತಹ ವೇಳೆಯಲ್ಲಿ ಒಂದೇ ಮಾತಿಗೆ ಎರಡು ಹೆಜ್ಜೆ ಹಿಂದೆ ಸರಿಯುವ ನಾಯಿ, ಮನೆಯವರಿಗೆ ನೆರೆಹೊರೆಯ ವಿಶ್ವಾಸವನ್ನು ಗಳಿಸಿಕೊಡುತ್ತದೆ.

ಕಲಿಸುವ ಕ್ರಮ

ಪಾಠಕ್ಕೆ ಗೋಡೆ ಮತ್ತು ಮಂಚದ ನಡುವಣ ಕಿರಿದಾದ ಜಾಗ ಉತ್ತಮ. ಅಲ್ಲಿ ಮರಿ ಪಕ್ಕಕ್ಕೆ ತಿರುಗಲಾರದು. ಮರಿಯು ಎದುರು ನಿಂತಿರುವಾಗ ತಿನಿಸಿನ ಚೂರೊಂದನ್ನು ಮುಷ್ಟಿಯಲ್ಲಿ ಹಿಡಿದು ಅದರ ಮೂಗಿಗೆ ತೋರಿಸಬೇಕು. ಬಳಿಕ ಕೈಯನ್ನು ಗದ್ದದ ಕೆಳಗಿನಿಂದ ಎದೆಯ ಕಡೆಗೆ ಮೆಲ್ಲನೆ ಒಯ್ಯಬೇಕು. ಕೈ ಮೇಲೆತ್ತಿದರೆ ಮರಿ ಕುಳಿತುಬಿಡುತ್ತದೆ. ತಗ್ಗಿನಲ್ಲಿದ್ದರೆ ತಿನಿಸನ್ನು ಹಿಂಬಾಲಿಸುತ್ತ ಒಂದು ಹೆಜ್ಜೆ ಹಿಂದಿಡುತ್ತದೆ. ಆ ಕ್ಷಣದಲ್ಲಿಯೇ ‘ಭೇಷ್’ ಎಂದು ಹೇಳಿ ತಿನಿಸನ್ನು ಕೊಡಬೇಕು. ತಡವಾಗಿ ಕೊಟ್ಟ ಬಹುಮಾನ ಯಾವ ಕೆಲಸಕ್ಕೆಂಬುದು ಮರಿಗೆ ತಿಳಿಯದು.

ಹೆಜ್ಜೆ ತಪ್ಪದೆ ಬೀಳತೊಡಗಿದ ಮೇಲೆ, ಕೈ ಚಲಿಸುವ ಮುನ್ನ ‘ಹಿಂದೆ’ ಎಂಬ ಆಜ್ಞೆಯನ್ನು ಸೇರಿಸಬೇಕು. ಅನಂತರ ಬರಿಗೈಯ ಸನ್ನೆ, ಎರಡು ಹೆಜ್ಜೆ, ಮೂರು ಹೆಜ್ಜೆ. ಕೊನೆಯಲ್ಲಿ ಬಾಗಿಲು ಮತ್ತು ಲಿಫ್ಟು. ದಿನಕ್ಕೆ ಎರಡು ಬಾರಿ, ಪ್ರತಿ ಬಾರಿ ಮೂರು ನಾಲ್ಕು ನಿಮಿಷ ಸಾಕು. ಅಜ್ಜಿ ‘ಹಿಂದೆ’ ಎಂದು, ಮೊಮ್ಮಗ ‘ಬ್ಯಾಕ್’ ಎಂದು, ಕೆಲಸದಾಕೆ ‘ಪೀಛೇ’ ಎಂದು ಹೇಳಿದರೆ ಮರಿಗೆ ಗೊಂದಲವಾಗುತ್ತದೆ. ಮನೆಯವರೆಲ್ಲರೂ ಒಂದೇ ಪದವನ್ನು ಬಳಸತಕ್ಕದ್ದು. ಕಾಲಿನಿಂದ ತಳ್ಳುವುದು, ಸರಪಳಿ ಜಗ್ಗುವುದು, ಗದರಿಸುವುದು ಸಲ್ಲದು. ಹೆದರಿ ಹಿಂದೆ ಸರಿದ ನಾಯಿ ಮತ್ತೊಮ್ಮೆ ಹೆದರಿ ಕಚ್ಚಲೂಬಹುದು.

ಆರೋಗ್ಯದ ಎಚ್ಚರ

ಈ ಪಾಠ ಲಸಿಕೆಗೆ ಬದಲಾಗಲಾರದು. ಮರಿಗೆ ಸುಮಾರು ಮೂರು ತಿಂಗಳು ತುಂಬಿದಾಗ ರೇಬೀಸ್ ಲಸಿಕೆಯನ್ನು ಹಾಕಿಸಿ, ಮುಂದಿನ ಲಸಿಕೆಗಳನ್ನು ಪಶುವೈದ್ಯರ ಸಲಹೆಯಂತೆ ಮುಂದುವರಿಸಬೇಕು. ಮರಿಯ ಹಾಲುಹಲ್ಲು ಸೂಜಿಯಂತೆ ಮೊನಚು. ಅದು ತಗುಲಿ ಚರ್ಮ ಗೀರಿದರೂ, ‘ಮನೆಯ ಮರಿಯಲ್ಲವೇ’ ಎಂಬ ಉದಾಸೀನ ಕೂಡದು. ಗಾಯವನ್ನು ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ ಹದಿನೈದು ನಿಮಿಷ ತೊಳೆದು, ಅಂದೇ ವೈದ್ಯರನ್ನು ಕಾಣಬೇಕು. ಅರಿಸಿನ, ಸುಣ್ಣ, ಮೆಣಸಿನಪುಡಿ ಹಚ್ಚಬಾರದು. ದೆಹಲಿಯ ಸಫ್ದರ್‌ಜಂಗ್ ಮತ್ತು ರಾಮ ಮನೋಹರ ಲೋಹಿಯಾ ಆಸ್ಪತ್ರೆಗಳಲ್ಲಿ ರೇಬೀಸ್ ನಿರೋಧಕ ಚಿಕಿತ್ಸೆಯ ಸೌಲಭ್ಯವಿದೆ. ಚುಚ್ಚುಮದ್ದಿನ ಒಂದು ಸರದಿಯನ್ನೂ ತಪ್ಪಿಸಬಾರದು. ಲಕ್ಷಣಗಳು ಕಾಣಿಸಿಕೊಂಡ ಮೇಲೆ ರೇಬೀಸ್‌ನಿಂದ ಬದುಕಿ ಉಳಿಯುವುದು ಅತ್ಯಂತ ವಿರಳ.

ಬೆಳೆದ ನಾಯಿಯನ್ನು ಬಾಗಿಲಲ್ಲಿ ತಡೆದು ನಿಲ್ಲಿಸಲು ತೋಳ್ಬಲ ಬೇಕಾಗುತ್ತದೆ. ಮರಿಯಾಗಿರುವಾಗಲೇ ಕಲಿಸಿದರೆ ಮನೆಯ ವೃದ್ಧರ ಮೆಲುದನಿಯೊಂದೇ ಸಾಕಾಗುತ್ತದೆ. ಎಳವೆಯಲ್ಲಿ ಇದಕ್ಕಾಗಿ ವ್ಯಯಿಸಿದ ದಿನದ ಕೆಲವು ನಿಮಿಷಗಳು, ನಾಯಿಯ ಆಯುಷ್ಯದುದ್ದಕ್ಕೂ ಬಡ್ಡಿಸಹಿತ ಮರಳಿ ಬರುವ ಠೇವಣಿಯೇ ಸರಿ.