ಮತಗಟ್ಟೆಗೆ ಕರೆತರುವುದು ನೆರೆಯವರ ಮಾತು



ಊರಿನ ರಸ್ತೆ, ಕುಡಿಯುವ ನೀರು, ಬೀದಿದೀಪ, ಮನೆ ಕಂದಾಯ ಇವೆಲ್ಲ ಗ್ರಾಮ ಪಂಚಾಯಿತಿಗೆ ಸೇರಿದ ವಿಷಯಗಳು. 1993ರ ಪಂಚಾಯತ್ ರಾಜ್ ಅಧಿನಿಯಮದಂತೆ ಸುಮಾರು 400 ಜನಸಂಖ್ಯೆಗೆ ಒಬ್ಬ ಸದಸ್ಯರು. ಇಷ್ಟು ಚಿಕ್ಕ ಲೆಕ್ಕದಲ್ಲಿ ನಾಲ್ಕೈದು ಮನೆಯವರು ಮತ ಹಾಕದೆ ಉಳಿದರೂ ಫಲಿತಾಂಶ ಬೇರೆಯಾಗಬಹುದು. ಮತಗಳು ಸಮವಾದರಂತೂ ಚೀಟಿ ಎತ್ತಿಯೇ ತೀರ್ಮಾನಿಸಬೇಕಾಗುತ್ತದೆ.

ಆದರೆ ನಮ್ಮವರಿಗೆ ಪುರುಸೊತ್ತು ಎಲ್ಲಿ? 2020ರಲ್ಲಿ ಪಂಚಾಯಿತಿ ಚುನಾವಣೆ ನಡೆದದ್ದು ಡಿಸೆಂಬರ್ 22 ಮತ್ತು 27ರಂದು, ಕಾಫಿ ಹಣ್ಣು ಕೊಯ್ಯುವ ಕಾಲದಲ್ಲಿ. ಗಿಡದಲ್ಲಿ ಹಣ್ಣು, ಕಣದಲ್ಲಿ ಅಡಿಕೆ ಇರುವಾಗ ಮತಗಟ್ಟೆಯ ನೆನಪು ಹಿಂದೆ ಬೀಳುವುದು ಸಹಜ. ಗೋಡೆಯ ಭಿತ್ತಿಪತ್ರ, ಜೀಪಿನ ಧ್ವನಿವರ್ಧಕಗಳಿಂದ ಈ ಮರೆವು ಹೋಗುವುದಿಲ್ಲ.

ಹಾಗಾದರೆ ಯಾವುದರಿಂದ ಹೋದೀತು? ಅಮೆರಿಕದ ವಿದ್ವಾಂಸರಾದ ಗರ್ಬರ್, ಗ್ರೀನ್ ಮತ್ತು ನಿಕರ್ಸನ್ 2001ರಲ್ಲಿ ಆರು ನಗರಗಳ ಸ್ಥಳೀಯ ಚುನಾವಣೆಯಲ್ಲಿ ಇದನ್ನು ಪರೀಕ್ಷಿಸಿದರು. ಚೀಟಿ ಎತ್ತಿದಂತೆ ಮತದಾರರನ್ನು ವಿಂಗಡಿಸಿ, ಕೆಲವರ ಮನೆಗೆ ಮಾತ್ರ ಜನರನ್ನು ಕಳುಹಿಸಿ ಮಾತನಾಡಿಸಿದರು. ಹಾಗೆ ಮಾತನಾಡಿಸಿದವರಲ್ಲಿ ನೂರಕ್ಕೆ ಸುಮಾರು 7 ಮಂದಿ ಹೆಚ್ಚಾಗಿ ಮತ ಹಾಕಿದರು. 2002ರಲ್ಲಿ ಡೆನ್ವರ್ ಮತ್ತು ಮಿನಿಯಾಪೊಲಿಸ್ ನಗರಗಳಲ್ಲಿ, ಇಬ್ಬರು ಮತದಾರರಿದ್ದ ಮನೆಗಳನ್ನು ನಿಕರ್ಸನ್ ಆರಿಸಿಕೊಂಡರು. ಬಾಗಿಲು ತೆರೆದವರ ಮೇಲಾದ ಪರಿಣಾಮದಲ್ಲಿ ಸುಮಾರು ಶೇಕಡಾ 60ರಷ್ಟು ಮನೆಯ ಇನ್ನೊಬ್ಬರಿಗೂ ದಾಟಿತ್ತು. ಅಲ್ಲಿ ಬಾಗಿಲು ತಟ್ಟಿದವರು ಅಪರಿಚಿತರು. ನಮ್ಮಲ್ಲಾದರೋ ಮುಯ್ಯಾಳಿಗೆ ಬರುವ ನೆರೆಯವರೇ ಇದ್ದಾರೆ.

ಸದಸ್ಯರು ಹೀಗೆ ಮಾಡಬಹುದು:

1. ಒಬ್ಬೊಬ್ಬರು ಹತ್ತು ಮನೆ ವಹಿಸಿಕೊಳ್ಳಿ. ಕೂಲಿ ಲೈನಿನ ಮನೆಗಳನ್ನು ಬಿಡಬೇಡಿ.

2. ಚುನಾವಣೆ ಘೋಷಣೆಗೆ ಮುಂಚೆಯೇ ಮತದಾರರ ಪಟ್ಟಿಯಲ್ಲಿ ಹೆಸರಿದೆಯೇ ಎಂದು ನೋಡಿಕೊಳ್ಳಲು ಹೇಳಿ. ಮದುವೆಯಾಗಿ ಬಂದವರ, ಹದಿನೆಂಟು ತುಂಬಿದವರ ಹೆಸರು ಬಿಟ್ಟುಹೋಗಿರುವುದುಂಟು.

3. "ಮತ ಹಾಕಿ" ಎಂದಷ್ಟೇ ಹೇಳದೆ, "ಎಷ್ಟು ಹೊತ್ತಿಗೆ ಹೊರಡುತ್ತೀರಿ, ಯಾರ ಜೊತೆ?" ಎಂದು ಕೇಳಿ.

4. ಮತದಾನದ ದಿನ ಕೊಯ್ಲು ನಿಲ್ಲಿಸಿ. ಆಗದಿದ್ದರೆ ಕೂಲಿ ಹಿಡಿಯದೆ ಆಳುಗಳನ್ನು ಸರದಿಯಂತೆ ಕಳುಹಿಸಿ.

ಒಂದು ಎಚ್ಚರಿಕೆ: ಯಾರಿಗೆ ಮತ ಎಂದು ಕೇಳಬಾರದು, ಹೇಳಲೂಬಾರದು. ಕೆಲಸ ಕೊಡುವವರು ಕೇಳಿದರೆ ಅದು ಒತ್ತಾಯವೇ ಆದೀತು. ಆಮಿಷವೊಡ್ಡುವುದು ಅಪರಾಧ. ಕರೆಯುವುದಷ್ಟೇ ನಮ್ಮ ಕೆಲಸ, ಆಯ್ಕೆ ಅವರವರದು.

ಐದು ವರ್ಷ ರಸ್ತೆಯ ಗುಂಡಿಯನ್ನು ಬೈಯುವುದಕ್ಕಿಂತ ಒಂದು ಸಂಜೆ ಹತ್ತು ಮನೆ ಸುತ್ತುವುದು ಲೇಸು.