ಕಂಪನಿಯ ಮ್ಯಾಚ್: 401(ಕೆ) ವಂತಿಗೆಯನ್ನು ಅಳೆಯುವ ಬಗೆ

ಭಾರತದಲ್ಲಿ ಕೆಲಸ ಮಾಡಿ ಬಂದವರಿಗೆ ಭವಿಷ್ಯನಿಧಿ ಹೊಸದಲ್ಲ. ನೌಕರನ ಮೂಲವೇತನ ಮತ್ತು ತುಟ್ಟಿಭತ್ಯೆಯಲ್ಲಿ ಸಾಮಾನ್ಯವಾಗಿ ಶೇ. 12ರಷ್ಟು ಪಿ.ಎಫ್. ಖಾತೆಗೆ ಹೋಗುತ್ತದೆ, ಮಾಲೀಕರೂ ಅದೇ ದರದಲ್ಲಿ ತಮ್ಮ ಪಾಲನ್ನು ಕೊಡಬೇಕೆಂಬುದು ಕಾನೂನು. ಆದ್ದರಿಂದ ‘ನಿಮ್ಮ ಕಂಪನಿಯ ಪಿ.ಎಫ್. ಎಷ್ಟು ಒಳ್ಳೆಯದು?’ ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ಅಮೆರಿಕದ ಸ್ಥಿತಿ ಬೇರೆ. 1978ರ ತೆರಿಗೆ ಕಾಯ್ದೆಯಿಂದ ಜಾರಿಗೆ ಬಂದ 401(ಕೆ) ಎಂಬ ಉಪಕಲಮಿನ ಹೆಸರನ್ನೇ ಹೊತ್ತಿರುವ ಇಲ್ಲಿನ ನಿವೃತ್ತಿ ಯೋಜನೆಯಲ್ಲಿ, ಕಂಪನಿ ತನ್ನ ಪಾಲು ಸೇರಿಸಲೇಬೇಕೆಂಬ ಸಾಮಾನ್ಯ ನಿಯಮವಿಲ್ಲ. ಕೊಡಬೇಕೋ ಬೇಡವೋ, ಎಷ್ಟು, ಯಾವಾಗ, ಯಾವ ಷರತ್ತಿನ ಮೇಲೆ ಎಂಬುದು ಬಹುಮಟ್ಟಿಗೆ ಕಂಪನಿಯ ಇಚ್ಛೆ. ನಮ್ಮ ವಂತಿಗೆಗೆ ಪ್ರತಿಯಾಗಿ ಕಂಪನಿ ಹಾಕುವ ಈ ಪಾಲಿಗೇ ‘ಮ್ಯಾಚ್’ ಎಂದು ಹೆಸರು.

ನೇಮಕಾತಿ ಪತ್ರದಲ್ಲಿ ಮ್ಯಾಚ್ ಒಂದು ಶೇಕಡಾವಾರು ಸಂಖ್ಯೆಯಾಗಿ ಕಾಣಿಸುತ್ತದೆ. ‘ನೂರಕ್ಕೆ ನೂರು ಮ್ಯಾಚ್’ ಎಂಬ ಮಾತು ಕಿವಿಗೆ ಇಂಪಾಗಿಯೂ ಇರುತ್ತದೆ. ಆದರೆ ಆ ಸಂಖ್ಯೆಯಿಂದಷ್ಟೇ ಮ್ಯಾಚಿನ ಬೆಲೆ ತಿಳಿಯದು. ಕೆಲಸ ಬಿಡುವ ದಿನ ಕಂಪನಿ ಹಾಕಿದ ಹಣದಲ್ಲಿ ಎಷ್ಟು ಡಾಲರ್ ನಿಜವಾಗಿ ನಮ್ಮದಾಗಿರುತ್ತದೆ ಎಂಬುದೇ ಸರಿಯಾದ ಅಳತೆ. ವೀಸಾದ ಅವಧಿ, ಕೆಲಸ ಕಳೆದುಕೊಳ್ಳುವ ಆತಂಕ, ಊರಿಗೆ ಮರಳುವ ಯೋಚನೆ ಇವುಗಳ ನಡುವೆ ಬದುಕುವವರಿಗೆ ಈ ಅಳತೆ ಇನ್ನಷ್ಟು ಮುಖ್ಯ.

ಸೂತ್ರವನ್ನು ಡಾಲರಿಗೆ ಇಳಿಸುವುದು

ವರ್ಷಕ್ಕೆ 1,20,000 ಡಾಲರ್ ಸಂಬಳದ ಮೂರು ಕೆಲಸಗಳನ್ನು ಕಲ್ಪಿಸಿಕೊಳ್ಳೋಣ. ಮೊದಲ ಕಂಪನಿ, ಸಂಬಳದ ಶೇ. 3ರವರೆಗಿನ ನಮ್ಮ ವಂತಿಗೆಗೆ ಡಾಲರಿಗೆ ಡಾಲರ್ ಸೇರಿಸುತ್ತದೆ. ಎರಡನೆಯದು ಶೇ. 8ರವರೆಗಿನ ವಂತಿಗೆಗೆ ಡಾಲರಿಗೆ ಐವತ್ತು ಸೆಂಟ್ ಸೇರಿಸುತ್ತದೆ. ಮೂರನೆಯದು ಶೇ. 6ರವರೆಗೆ ಡಾಲರಿಗೆ ಡಾಲರ್ ಕೊಡುತ್ತದೆ.

ವರ್ಷಕ್ಕೆ ಮೊದಲನೆಯದರಿಂದ 3,600, ಎರಡನೆಯದರಿಂದ 4,800, ಮೂರನೆಯದರಿಂದ 7,200 ಡಾಲರ್ ಬರುತ್ತದೆ. ‘ನೂರಕ್ಕೆ ನೂರು’ ಎಂದ ಮೊದಲ ಕಂಪನಿಗಿಂತ ‘ನೂರಕ್ಕೆ ಐವತ್ತು’ ಎಂದ ಎರಡನೆಯದೇ ಹೆಚ್ಚು ಕೊಡುತ್ತಿದೆ. ಆದರೆ ಆ 4,800 ಡಾಲರನ್ನು ಪಡೆಯಲು ನಾವು 9,600 ಡಾಲರ್ ಹಾಕಬೇಕು. ಮೊದಲನೆಯದರಲ್ಲಿ 3,600 ಹಾಕಿದರೆ ಸಾಕು. ಹೀಗೆ ನೋಡಬೇಕಾದದ್ದು ಎರಡು: ನಾವು ಹಾಕುವ ಒಂದೊಂದು ಡಾಲರಿಗೆ ಸಿಗುವ ಪ್ರತಿಫಲ, ಮತ್ತು ವರ್ಷದ ಒಟ್ಟು ಮೊತ್ತ. ಕೈ ಬಿಗಿಯಿರುವವರು ಮೊದಲನೆಯದನ್ನೂ, ಪೂರ್ತಿ ವಂತಿಗೆ ಹಾಕಬಲ್ಲವರು ಎರಡನೆಯದನ್ನೂ ಹೆಚ್ಚು ಗಮನಿಸಬೇಕು.

ಹೋಲಿಕೆಗೆ ಒಂದು ಮಾನದಂಡವನ್ನು ತೆರಿಗೆ ಕಾನೂನೇ ಒದಗಿಸುತ್ತದೆ. ಯೋಜನೆಯ ಲಾಭವು ದೊಡ್ಡ ಸಂಬಳದವರಿಗೇ ಹೋಗುತ್ತಿಲ್ಲವೆಂದು ಕಂಪನಿಗಳು ಪ್ರತಿವರ್ಷ ಲೆಕ್ಕ ತೋರಿಸಬೇಕು. ಈ ಪರೀಕ್ಷೆಯಿಂದ ಬಿಡುಗಡೆ ಬೇಕಿದ್ದರೆ ‘ಸೇಫ್ ಹಾರ್ಬರ್’ ಎಂಬ ಮಾದರಿಯನ್ನು ಅನುಸರಿಸಬಹುದು. ಅದರ ಮೂಲ ಮ್ಯಾಚ್ ಸೂತ್ರದಲ್ಲಿ ಮೊದಲ ಶೇ. 3ಕ್ಕೆ ಪೂರ್ತಿ, ಮುಂದಿನ ಶೇ. 2ಕ್ಕೆ ಅರ್ಧ ದೊರೆಯುತ್ತದೆ. ನಾವು ಶೇ. 5 ಹಾಕಿದರೆ ಕಂಪನಿಯದು ಶೇ. 4, ಅದೂ ಹಾಕಿದ ಕ್ಷಣದಿಂದಲೇ ನಮ್ಮದು. ಇದನ್ನು ಅಳತೆಗೋಲಾಗಿ ಹಿಡಿದರೆ ನಮ್ಮ ಮುಂದಿರುವ ಮ್ಯಾಚ್ ಅದಕ್ಕಿಂತ ಮೇಲೋ ಕೆಳಗೋ ಎಂಬುದು ಸುಲಭವಾಗಿ ತಿಳಿಯುತ್ತದೆ.

ಹಣ ನಮ್ಮದಾಗುವುದು ಯಾವಾಗ?

ನಾವು ಹಾಕಿದ ಹಣ ಎಂದಿಗೂ ನಮ್ಮದೇ. ಕಂಪನಿ ಹಾಕಿದ ಹಣ ಹಾಗಲ್ಲ. ಅದರ ಮೇಲೆ ನಮ್ಮ ಹಕ್ಕು ಬಲಿಯುವ ಕ್ರಮಕ್ಕೆ ‘ವೆಸ್ಟಿಂಗ್’ ಎನ್ನುತ್ತಾರೆ. ಕಾನೂನು ಇದಕ್ಕೆ ಎರಡು ಗರಿಷ್ಠ ಮಿತಿಗಳನ್ನು ಇಟ್ಟಿದೆ. ಒಂದರಲ್ಲಿ ಮೂರು ವರ್ಷ ತುಂಬುವವರೆಗೆ ಏನೂ ಇಲ್ಲ, ತುಂಬಿದೊಡನೆ ಪೂರ್ತಿ ನಮ್ಮದು. ಇನ್ನೊಂದರಲ್ಲಿ ಎರಡನೆಯ ವರ್ಷದ ಕೊನೆಗೆ ಶೇ. 20, ಮುಂದೆ ವರ್ಷಕ್ಕೆ ಶೇ. 20ರಂತೆ ಏರಿ ಆರು ವರ್ಷಕ್ಕೆ ಪೂರ್ಣವಾಗುತ್ತದೆ. ಕಂಪನಿ ಇದಕ್ಕಿಂತ ಬೇಗ ಕೊಡಬಹುದು, ತಡಮಾಡುವಂತಿಲ್ಲ.

ಮೇಲಿನ ಮೊದಲ ಕಂಪನಿಯಲ್ಲಿ ಹಕ್ಕು ತಕ್ಷಣವೇ ಸಿಗುತ್ತದೆ, ಎರಡನೆಯದರಲ್ಲಿ ಆರು ವರ್ಷದ ಮೆಟ್ಟಿಲು, ಮೂರನೆಯದರಲ್ಲಿ ಮೂರು ವರ್ಷದ ಕಾಯುವಿಕೆ ಎಂದಿಟ್ಟುಕೊಳ್ಳೋಣ. ನೇಮಕದ ದಿನದಿಂದ ಎಣಿಸಿ ಎರಡು ವರ್ಷ ಹತ್ತು ತಿಂಗಳಿಗೆ ಕೆಲಸ ಬಿಟ್ಟರೆ, ಹೂಡಿಕೆಯ ಏರಿಳಿತವನ್ನು ಬದಿಗಿಟ್ಟು, ಮೊದಲ ಕಂಪನಿಯಿಂದ 10,200 ಡಾಲರ್ ಕೈಗೆ ಬರುತ್ತದೆ. ಎರಡನೆಯದರಲ್ಲಿ ಜಮೆಯಾದ 13,600ರಲ್ಲಿ ಶೇ. 20, ಅಂದರೆ 2,720 ಮಾತ್ರ ನಮ್ಮದು. ಮೂರನೆಯದರಲ್ಲಿ 20,400 ಡಾಲರ್ ಜಮೆಯಾಗಿದ್ದರೂ ಸಿಗುವುದು ಸೊನ್ನೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವೆಂಬುದು ಇದಕ್ಕೇ. ಆರು ವರ್ಷ ನಿಂತರೆ ಚಿತ್ರ ತಿರುಗುತ್ತದೆ: ಕ್ರಮವಾಗಿ 21,600, 28,800 ಮತ್ತು 43,200 ಡಾಲರ್. ಅತಿ ಸಣ್ಣದಾಗಿ ಕಂಡ ಮ್ಯಾಚ್ ಮೂರು ವರ್ಷದೊಳಗೆ ಹೊರಡುವವರಿಗೆ ಅತ್ಯುತ್ತಮ. ನಿಲ್ಲುವವರಿಗೆ ಅದೇ ಅತಿ ಕಡಿಮೆ.

ಇಲ್ಲಿ ಎರಡು ಸೂಕ್ಷ್ಮಗಳಿವೆ. ಸೇವೆಯ ವರ್ಷವನ್ನು ಎಲ್ಲ ಯೋಜನೆಗಳೂ ನೇಮಕದ ದಿನದಿಂದ ಎಣಿಸುವುದಿಲ್ಲ. ಹನ್ನೆರಡು ತಿಂಗಳ ಅವಧಿಯಲ್ಲಿ 1,000 ಗಂಟೆ ದುಡಿದರೆ ಒಂದು ವರ್ಷವೆಂದು ಎಣಿಸುವವೂ ಉಂಟು. ರಾಜೀನಾಮೆಯ ದಿನಾಂಕವನ್ನು ನಿಶ್ಚಯಿಸುವ ಮೊದಲು ಇದನ್ನು ವಿಚಾರಿಸುವುದು ಒಳ್ಳೆಯದು. ಇನ್ನೊಂದು, ಸಾಮೂಹಿಕವಾಗಿ ನೌಕರರನ್ನು ತೆಗೆದ ಸಂದರ್ಭ. ಯೋಜನೆಯಲ್ಲಿದ್ದವರ ಪೈಕಿ ಶೇ. 20 ಅಥವಾ ಹೆಚ್ಚು ಮಂದಿಯನ್ನು ಕಂಪನಿ ತಾನಾಗಿ ಹೊರಹಾಕಿದರೆ, ತೆರಿಗೆ ಇಲಾಖೆ ಅದನ್ನು ಸಾಮಾನ್ಯವಾಗಿ ಯೋಜನೆಯ ಭಾಗಶಃ ಮುಕ್ತಾಯವೆಂದೇ ಭಾವಿಸುತ್ತದೆ. ಹಾಗಾದಾಗ ಬಾಧಿತರಿಗೆ ಕಂಪನಿಯ ವಂತಿಗೆಯ ಮೇಲೆ ಪೂರ್ಣ ಹಕ್ಕು ಬರುತ್ತದೆ.

ಸಣ್ಣಕ್ಷರದ ಷರತ್ತುಗಳು

‘ಸಂಬಳ’ ಎಂದರೆ ಯಾವುದು ಎಂಬುದನ್ನೂ ನೋಡಬೇಕು. ಮೂಲ ಸಂಬಳವನ್ನಷ್ಟೇ ಲೆಕ್ಕಕ್ಕೆ ಹಿಡಿದು ಬೋನಸನ್ನು ಬಿಡುವ ಯೋಜನೆಗಳಿವೆ. ಮೊದಲ ವರ್ಷ ಮ್ಯಾಚನ್ನೇ ಕೊಡದವೂ ಇವೆ.

ಬಹಳ ಮಂದಿ ಗಮನಿಸದ ಇನ್ನೊಂದು ಸಂಗತಿ ಜಮೆಯ ಕ್ರಮ. ಪ್ರತಿ ಸಂಬಳದೊಡನೆ ಮ್ಯಾಚ್ ಹಾಕುವ ಕಂಪನಿಯಲ್ಲಿ, ನಾವು ವಂತಿಗೆ ನಿಲ್ಲಿಸಿದ ಕೂಡಲೇ ಅದರ ಪಾಲೂ ನಿಲ್ಲುತ್ತದೆ. ನೌಕರನ ವಂತಿಗೆಗೆ 2025ರಲ್ಲಿದ್ದ ಸಾಮಾನ್ಯ ವಾರ್ಷಿಕ ಮಿತಿ 23,500 ಡಾಲರ್. ಕಂಪನಿಯ ಮ್ಯಾಚ್ ಈ ಮಿತಿಯೊಳಗೆ ಸೇರುವುದಿಲ್ಲ. ನಮ್ಮ ಮೂರನೆಯ ಕಂಪನಿಯ ನೌಕರ, ಹೂಡಿಕೆ ಬೇಗ ಬೆಳೆಯಲೆಂದು ಸಂಬಳದ ಶೇ. 30ನ್ನು ಹಾಕಿದರೆ, ವರ್ಷದ 26 ಸಂಬಳಗಳಲ್ಲಿ 17ನೆಯದಕ್ಕೇ ಮಿತಿ ಮುಟ್ಟುತ್ತದೆ. ಉಳಿದ ಒಂಬತ್ತು ಸಂಬಳಗಳಿಗೆ ಮ್ಯಾಚ್ ಇಲ್ಲ. ನಷ್ಟ ಸುಮಾರು 2,490 ಡಾಲರ್. ವರ್ಷಾಂತ್ಯದಲ್ಲಿ ಈ ಕೊರತೆಯನ್ನು ತುಂಬಿಕೊಡುವ ‘ಟ್ರೂ-ಅಪ್’ ಸೌಲಭ್ಯ ಕೆಲವು ಕಂಪನಿಗಳಲ್ಲಿದೆ. ಅದಿಲ್ಲದಿದ್ದರೆ ವಂತಿಗೆಯನ್ನು ವರ್ಷವಿಡೀ ಹರಡಿಕೊಳ್ಳುವುದೇ ಜಾಣತನ.

ವರ್ಷಕ್ಕೊಮ್ಮೆ ಮ್ಯಾಚ್ ಹಾಕುವ ಕಂಪನಿಗಳಲ್ಲಿ ಅಪಾಯ ಬೇರೆ: ಡಿಸೆಂಬರ್ 31ರಂದು ಕೆಲಸದಲ್ಲಿ ಇರಬೇಕೆಂಬ ಷರತ್ತಿದ್ದರೆ, ನವೆಂಬರಿನಲ್ಲಿ ಬಿಟ್ಟವರಿಗೆ ಇಡೀ ವರ್ಷದ ಪಾಲು ತಪ್ಪುತ್ತದೆ. 2014ರಲ್ಲಿ ಎಒಎಲ್ ಕಂಪನಿ ಇಂಥ ವಾರ್ಷಿಕ ಕ್ರಮಕ್ಕೆ ಬದಲಾಗುವುದಾಗಿ ಪ್ರಕಟಿಸಿ, ನೌಕರರ ಅಸಮಾಧಾನ ಕಂಡು ಕೆಲವೇ ದಿನಗಳಲ್ಲಿ ಹಿಂದೆ ಸರಿಯಿತು.

ಮ್ಯಾಚನ್ನು ಸ್ವಂತ ಷೇರಿನ ರೂಪದಲ್ಲಿ ಕೊಡುವ ಕಂಪನಿಗಳೂ ಉಂಟು. 2001ರಲ್ಲಿ ಎನ್ರಾನ್ ದಿವಾಳಿಯಾದಾಗ ಅಲ್ಲಿನ ನೌಕರರು ಕೆಲಸವನ್ನೂ ನಿವೃತ್ತಿಯ ಗಂಟನ್ನೂ ಒಟ್ಟಿಗೇ ಕಳೆದುಕೊಂಡರು. ಮಾರುಕಟ್ಟೆಯಲ್ಲಿ ವಹಿವಾಟಾಗುವ ಕಂಪನಿಯ ಷೇರನ್ನು ಮೂರು ವರ್ಷದ ಸೇವೆಯ ನಂತರ ಬೇರೆ ಹೂಡಿಕೆಗೆ ಬದಲಿಸಿಕೊಳ್ಳುವ ಹಕ್ಕನ್ನು 2006ರ ಕಾಯ್ದೆ ನೀಡಿದೆ. ಅದನ್ನು ಬಳಸಿಕೊಳ್ಳಬೇಕು.

ಊರಿಗೆ ಮರಳುವವರ ಪ್ರಶ್ನೆ

‘ಹೇಗೂ ಭಾರತಕ್ಕೆ ಹಿಂದಿರುಗುತ್ತೇವೆ, 401(ಕೆ) ಏಕೆ?’ ಎಂಬ ಮಾತು ನಮ್ಮವರಲ್ಲಿ ಆಗಾಗ ಕೇಳಿಬರುತ್ತದೆ. ಐವತ್ತೊಂಬತ್ತೂವರೆ ವಯಸ್ಸಿಗೆ ಮುನ್ನ ಹಣ ತೆಗೆದರೆ ಸಾಮಾನ್ಯವಾಗಿ ಶೇ. 10 ದಂಡವಿದೆ, ನಿಜ. ಆದರೆ ಲೆಕ್ಕ ಹಾಕಿ ನೋಡೋಣ. ನಾವು ಹಾಕಿದ 100 ಡಾಲರಿಗೆ ಕಂಪನಿ 50 ಸೇರಿಸಿ, ಅದು ನಮ್ಮದಾಗಿದ್ದರೆ ಮೊತ್ತ 150. ದಂಡ ಕಳೆದರೂ 135. ಆ 100 ಡಾಲರನ್ನು ಸಂಬಳವಾಗಿ ಪಡೆದಿದ್ದರೂ ಆದಾಯ ತೆರಿಗೆ ತಪ್ಪುತ್ತಿರಲಿಲ್ಲ. ಇನ್ನು ಹಣವನ್ನು ತೆಗೆಯಲೇಬೇಕೆಂದೇನೂ ಇಲ್ಲ. ಖಾತೆಯಲ್ಲಿ 7,000 ಡಾಲರಿಗಿಂತ ಹೆಚ್ಚಿದ್ದರೆ, ನಿವೃತ್ತಿಯ ವಯಸ್ಸಿಗೆ ಮುನ್ನ ನಮ್ಮ ಒಪ್ಪಿಗೆಯಿಲ್ಲದೆ ಹಳೆಯ ಕಂಪನಿ ನಮ್ಮನ್ನು ಹೊರಹಾಕುವಂತಿಲ್ಲ. ಆದ್ದರಿಂದ ಹಿಂದಿರುಗುವ ಯೋಚನೆಯಿದ್ದವರು ಕೇಳಬೇಕಾದ ಪ್ರಶ್ನೆ ‘401(ಕೆ) ಬೇಕೇ?’ ಎಂಬುದಲ್ಲ, ‘ಹೊರಡುವ ಮುನ್ನ ಮ್ಯಾಚ್ ನಮ್ಮದಾಗುತ್ತದೆಯೇ?’ ಎಂಬುದು.

ಇವೆಲ್ಲಕ್ಕೂ ಉತ್ತರ ‘ಸಮರಿ ಪ್ಲಾನ್ ಡಿಸ್ಕ್ರಿಪ್ಷನ್’ ಎಂಬ ದಾಖಲೆಯಲ್ಲಿರುತ್ತದೆ. ಯೋಜನೆಗೆ ಸೇರಿದ 90 ದಿನಗಳೊಳಗೆ ಅದನ್ನು ನೌಕರನಿಗೆ ಕೊಡಬೇಕೆಂಬುದು ಕಾನೂನು. ಕೆಲಸ ಒಪ್ಪಿಕೊಳ್ಳುವ ಮೊದಲೇ ಕೇಳಿದರೂ ತಪ್ಪಿಲ್ಲ. ಅದನ್ನು ಮುಂದಿಟ್ಟುಕೊಂಡು, ಈ ಕಂಪನಿಯಲ್ಲಿ ನಾವು ಇರಬಹುದಾದ ವರ್ಷಗಳನ್ನು ಪ್ರಾಮಾಣಿಕವಾಗಿ ಅಂದಾಜಿಸಿ, ಆ ದಿನಕ್ಕೆ ನಮ್ಮದಾಗುವ ಮೊತ್ತವನ್ನು ಒಂದು ಹಾಳೆಯಲ್ಲಿ ಬರೆಯಬೇಕು. ಎರಡು ಕೆಲಸಗಳ ನಡುವೆ ಹೋಲಿಸಬೇಕಾದದ್ದು ಆ ಮೊತ್ತಗಳನ್ನು.