ನಿಲ್ಕುಂದ ಭಾಗದಲ್ಲಿ ಹಳೆ ಮನೆ ಖರೀದಿ: ಅಡ್ವಾನ್ಸ್ ಕೊಡುವ ಮುನ್ನ ಮನೆ ತಪಾಸಣೆ ಯಾಕೆ ಬೇಕು?

ಸಿದ್ದಾಪುರ: ಮಕ್ಕಳು ಬೆಂಗಳೂರು ಸೇರಿದ್ದಾರೆ, ಊರಲ್ಲಿ ವಯಸ್ಸಾದವರಿಗೆ ಮನೆ-ತೋಟ ನೋಡಿಕೊಳ್ಳುವುದು ಕಷ್ಟ. ನಿಲ್ಕುಂದ ಸೇರಿದಂತೆ ಸಿದ್ದಾಪುರ, ಶಿರಸಿ, ಯಲ್ಲಾಪುರದ ಹಳ್ಳಿಗಳಲ್ಲಿ ಈ ಕಾರಣಕ್ಕೇ ಹಳೆ ಮನೆಗಳು ಮಾರಾಟಕ್ಕೆ ಬರುತ್ತಿವೆ. 2020ರ ಭೂಸುಧಾರಣಾ ಕಾಯ್ದೆ ತಿದ್ದುಪಡಿ ಬಳಿಕ ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದಾಗಿದ್ದು, ಹೊರಗಿನವರೂ ವಿಚಾರಿಸುತ್ತಿದ್ದಾರೆ.

ಕೊಳ್ಳುವವರು ಸಾಮಾನ್ಯವಾಗಿ ವಕೀಲರಿಗೆ ಕಾಗದಪತ್ರ ತೋರಿಸುತ್ತಾರೆ. ಮನೆಯನ್ನು ಮಾತ್ರ ಯಾರಿಗೂ ತೋರಿಸುವುದಿಲ್ಲ. ‘ಬಣ್ಣ ಹೊಡೆದಿದ್ದಾರೆ, ಹಂಚು ಚೆನ್ನಾಗಿದೆ, ಇನ್ನೇನು ನೋಡೋದು’ ಅನ್ನೋದೇ ಹೆಚ್ಚು. ತೊಂದರೆ ಶುರುವಾಗೋದು ಮೊದಲ ಮಳೆಗಾಲದಲ್ಲಿ.

ಕಾನೂನು ಏನು ಹೇಳುತ್ತದೆ?

1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಕಲಂ ಪ್ರಕಾರ, ಆಸ್ತಿಯಲ್ಲಿ ತನಗೆ ಗೊತ್ತಿರುವ ಮುಖ್ಯ ದೋಷವನ್ನು ಮಾರುವವರು ಹೇಳಬೇಕು. ಆದರೆ ಒಂದು ಷರತ್ತಿದೆ: ಆ ದೋಷ ಕೊಳ್ಳುವವರಿಗೆ ಗೊತ್ತಿಲ್ಲದ್ದು ಮತ್ತು ಅವರು ಸಾಮಾನ್ಯ ಎಚ್ಚರ ವಹಿಸಿದರೂ ಕಾಣದಂಥದ್ದು ಆಗಿರಬೇಕು. ಅಂದರೆ, ನೋಡಿದ್ದರೆ ಕಾಣುತ್ತಿದ್ದ ಬಿರುಕು, ಬಾಗಿದ ಮಾಡಿನ ಬಗ್ಗೆ ಆಮೇಲೆ ತಕರಾರು ತೆಗೆಯುವುದು ಕಷ್ಟ. ರೇರಾ ಕಾಯ್ದೆಯಲ್ಲಿ ಬಿಲ್ಡರ್ ಮೇಲಿರುವ 5 ವರ್ಷದ ಹೊಣೆ ನೋಂದಾಯಿತ ಹೊಸ ಯೋಜನೆಗಳಿಗೆ. ಹಳ್ಳಿಯ ಹಳೆ ಮನೆಗೆ ಅನ್ವಯಿಸದು.

ಬ್ಯಾಂಕ್ ಸಾಲಕ್ಕೆ ವ್ಯಾಲ್ಯುಯರ್ ಬಂದು ಹೋದರೆ ಸಾಕು ಎಂದುಕೊಳ್ಳುವವರೂ ಇದ್ದಾರೆ. ಅವರ ಕೆಲಸ ಆಸ್ತಿಯ ಬೆಲೆ ಕಟ್ಟುವುದು. ಪಕಾಸು ಲಡ್ಡಾಗಿದೆಯೇ, ವೈರಿಂಗ್ ಸುಟ್ಟಿದೆಯೇ ಎಂದು ಹುಡುಕುವುದಲ್ಲ.

ಯಾರನ್ನು ಕರೆಸಬೇಕು?

ಬೆಂಗಳೂರಿನಂಥ ನಗರಗಳಲ್ಲಿ ಮನೆ ತಪಾಸಣೆಯನ್ನೇ ವೃತ್ತಿ ಮಾಡಿಕೊಂಡ ಸಂಸ್ಥೆಗಳಿವೆ. ಹಳ್ಳಿಯ ಮಣ್ಣಿನ ಗೋಡೆ, ಚೀರೆಕಲ್ಲಿನ ಮನೆಗೆ ಇಲ್ಲಿಯ ಅನುಭವವೇ ಮುಖ್ಯ. ವ್ಯವಹಾರಕ್ಕೆ ಸಂಬಂಧವಿಲ್ಲದ ಒಬ್ಬ ಸಿವಿಲ್ ಎಂಜಿನಿಯರ್, ಹಳೆ ಮನೆ ಬಿಚ್ಚಿ ಕಟ್ಟಿ ಗೊತ್ತಿರುವ ಬಡಗಿ, ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ – ಈ ಮೂವರು ಅರ್ಧ ದಿನ ನೋಡಿದರೆ ಬಹುಪಾಲು ಗೊತ್ತಾಗುತ್ತದೆ. ದಲ್ಲಾಳಿ ಕಳಿಸಿದವರು ಬೇಡ. ನೋಡಿದ್ದನ್ನು ಫೋಟೋ ಸಮೇತ ಬರೆದು ಕೊಡುವಂತೆ ಕೇಳಬೇಕು.

ಮಾಡು ಮತ್ತು ಮರ

ಘಟ್ಟದಂಚಿನ ನಿಲ್ಕುಂದ ಜಿಲ್ಲೆಯಲ್ಲೇ ಹೆಚ್ಚು ಮಳೆ ಬೀಳುವ ಊರುಗಳಲ್ಲೊಂದು. ಇಲ್ಲಿ ಮನೆಯ ಆಯುಷ್ಯ ನಿರ್ಧಾರ ಆಗೋದು ಮಾಡಿನಿಂದ. ಅಂಗಳದಲ್ಲಿ ದೂರ ನಿಂತು ನೋಡಿದರೆ ಮಾಡಿನ ನೆತ್ತಿಯ ಗೆರೆ ನೇರ ಇರಬೇಕು. ನಡುವೆ ತಗ್ಗಿದ್ದರೆ ಒಳಗಿನ ಮರ ಸೋತಿದೆ ಎಂದರ್ಥ. ಪಕಾಸು ಗೋಡೆ ಮೇಲೆ ಕೂರುವ ಜಾಗ ಮತ್ತು ಎರಡು ಮಾಡು ಸೇರುವ ಮೂಲೆ ಮೊದಲು ಹಾಳಾಗುತ್ತವೆ. ಅಟ್ಟ ಹತ್ತಿ ಅಲ್ಲಿ ಸ್ಕ್ರೂಡ್ರೈವರ್‌ನಿಂದ ಚುಚ್ಚಿ ನೋಡಬೇಕು. ಗಟ್ಟಿ ಮರ ತಡೆಯುತ್ತದೆ, ಲಡ್ಡು ಮರದಲ್ಲಿ ಸಲೀಸಾಗಿ ಇಳಿಯುತ್ತದೆ.

ಈ ಭಾಗದವರು ಒರಲೆ ಎನ್ನುವ ಗೆದ್ದಲಿನ ಮಣ್ಣಿನ ಗೆರೆ ಕಂಬದ ಬುಡ, ಬಾಗಿಲ ಚೌಕಟ್ಟಿನ ಹಿಂದೆ, ಮೆತ್ತಿನ ಹಲಗೆ ಅಡಿಯಲ್ಲಿ ಇದೆಯೇ ನೋಡಬೇಕು. ಬಡಿದಾಗ ಟೊಳ್ಳು ಸದ್ದು ಬಂದರೆ ಒಳಗೆ ತಿಂದು ಮುಗಿಸಿದೆ ಅಂತಲೇ.

ಆರ್‌ಸಿಸಿ ಮೇಲೆ ತಗಡಿನ ಶೀಟ್ ಹಾಕಿದ್ದರೆ ಅದು ಮಳೆಗೆ ಮುಂಜಾಗ್ರತೆಯೂ ಆಗಿರಬಹುದು, ಸೋರಿಕೆಯನ್ನು ಮರೆಮಾಡಿದ್ದೂ ಆಗಿರಬಹುದು. ಸ್ಲ್ಯಾಬ್ ಅಡಿಯಲ್ಲಿ ತುಕ್ಕಿನ ಕಲೆ, ಚಕ್ಕೆ ಎದ್ದು ಕಬ್ಬಿಣ ಕಾಣುವುದು ದೊಡ್ಡ ಖರ್ಚಿನ ಸೂಚನೆ.

ಗೋಡೆ ಹೇಳುವ ಕಥೆ

ಗೋಡೆಯ ಕೆಳಗಿನ ಎರಡು-ಮೂರು ಅಡಿಯಲ್ಲಿ ಮಾತ್ರ ಹೊಸ ಬಣ್ಣ ಇದ್ದರೆ ಅನುಮಾನಿಸಬೇಕು. ನೆಲದ ತೇವ ಚೀರೆಕಲ್ಲಿನೊಳಗೆ ಮೇಲೇರಿದಾಗ ಅಷ್ಟೇ ಎತ್ತರಕ್ಕೆ ಕಲೆ ಕಟ್ಟುವುದು ಸಾಮಾನ್ಯ. ಪ್ಲಾಸ್ಟರ್‌ನ ಕೂದಲೆಳೆ ಬಿರುಕಿಗೆ ಹೆದರಬೇಕಿಲ್ಲ. ಮೆಟ್ಟಿಲಿನಂತೆ ಓರೆಯಾಗಿ ಏರುವ, ಬೆರಳಿನ ಉಗುರು ಹೋಗುವಷ್ಟು ಅಗಲದ ಬಿರುಕು ಬುನಾದಿ ಕುಳಿತದ್ದನ್ನು ಹೇಳುತ್ತಿರಬಹುದು. ಮೇಸ್ತ್ರಿಯ ತೂಕದ ಗುಂಡು ಇಳಿಬಿಟ್ಟರೆ ಗೋಡೆ ವಾಲಿದ್ದು ಎರಡೇ ನಿಮಿಷದಲ್ಲಿ ತಿಳಿಯುತ್ತದೆ.

ಮನೆ ಹಿಂದಿನ ಧರೆ

ಇದು ಹಣಕ್ಕಿಂತ ಜೀವದ ಪ್ರಶ್ನೆ. 2021ರ ಜುಲೈನಲ್ಲಿ ಯಲ್ಲಾಪುರ ತಾಲ್ಲೂಕಿನ ಕಳಚೆಯಲ್ಲಿ ಗುಡ್ಡ ಕುಸಿದು ಮನೆ-ತೋಟಗಳು ಹಾಳಾದವು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿ ಪಕ್ಕದ ಗುಡ್ಡ ಜರಿದು ಜೀವಹಾನಿಯಾಯಿತು. ಗುಡ್ಡ ಕಡಿದು ಸಮ ಮಾಡಿದ ಜಾಗದಲ್ಲೇ ಮನೆ ಕಟ್ಟುವುದು ಈ ಭಾಗದಲ್ಲಿ ರೂಢಿ. ಬೇಸಿಗೆಯಲ್ಲಿ ಗೋಡೆಯಂತೆ ನೆಟ್ಟಗೆ ನಿಲ್ಲುವ ಧರೆ, ನೀರು ಕುಡಿದು ಭಾರವಾದಾಗ ಜರಿಯುತ್ತದೆ.

ಧರೆಯ ಎತ್ತರದಷ್ಟಾದರೂ ದೂರದಲ್ಲಿ ಮನೆ ಇದ್ದರೆ ಒಳ್ಳೆಯದು. ಧರೆಯ ಮೇಲೆ ಹತ್ತಿ ನೆಲದಲ್ಲಿ ಸೀಳು, ಒಂದೇ ಕಡೆ ವಾಲಿದ ಮರ, ಹೊಸದಾಗಿ ಒಸರುವ ಜಲ ಇದೆಯೇ ನೋಡಬೇಕು. ಮೇಲಿನ ನೀರು ಬದಿಗೆ ಹೋಗಲು ಕಾಲುವೆ ಬೇಕು. ಅನುಮಾನ ಇದ್ದರೆ ಎಂಜಿನಿಯರ್ ಹೇಳದೆ ಮುಂದುವರಿಯಬಾರದು.

ನೀರು, ಕರೆಂಟು

ಬಾವಿ ನೀರನ್ನು ನೋಡಬೇಕಾದ್ದು ಮೇ ತಿಂಗಳಲ್ಲಿ, ಶ್ರಾವಣದಲ್ಲಲ್ಲ. ಶೌಚಾಲಯದ ಇಂಗುಗುಂಡಿ ಬಾವಿಯಿಂದ 15 ಮೀಟರ್ ಆದರೂ ದೂರ ಇದ್ದರೆ ಒಳ್ಳೆಯದು. ಮೇಲಿನಿಂದ ಪೈಪ್‌ನಲ್ಲಿ ಬರುವ ಅಬ್ಬಿ ನೀರಾದರೆ, ಅದರ ಮೂಲ ಯಾರ ಜಾಗದಲ್ಲಿದೆ ಅನ್ನೋದು ಮುಖ್ಯ. ‘ಹಿಂದಿನಿಂದ ಬರ್ತಾ ಇದೆ’ ಅನ್ನೋ ಮಾತು ಮಾಲೀಕರು ಬದಲಾದ ಮೇಲೆ ನಿಲ್ಲದಿರಬಹುದು. ನೀರು ಮತ್ತು ದಾರಿ ಎರಡರ ಹಕ್ಕೂ ಕ್ರಯಪತ್ರದಲ್ಲಿ ಬರಬೇಕು.

ವೈರಿಂಗ್ ಹಳೆಯದಿದ್ದರೆ ಪೂರ್ತಿ ಬದಲಿಸುವ ಖರ್ಚನ್ನು ಲೆಕ್ಕಕ್ಕೆ ಹಿಡಿಯಬೇಕು. ಅರ್ಥಿಂಗ್ ಸರಿಯಿದೆಯೇ ಎಂದು ಅಳೆಸಬೇಕು. ಹೆಸ್ಕಾಂ ಬಿಲ್ ಬಾಕಿ ಇದೆಯೇ, ಮೀಟರ್ ಯಾರ ಹೆಸರಲ್ಲಿದೆ ನೋಡಿಕೊಳ್ಳಬೇಕು.

ಕಾಗದದ ಜತೆ ಹೊಂದುತ್ತದೆಯೇ?

ತಪಾಸಣೆಯ ದಿನವೇ ಮನೆಯ ಅಳತೆ ತೆಗೆದು ಇ-ಸ್ವತ್ತಿನ ನಮೂನೆ 9, 11ರ ಜತೆ ಹೋಲಿಸಬೇಕು. ಮನೆ ಪಹಣಿ ಜಮೀನಿನಲ್ಲೇ ಇದ್ದು, ಸರ್ವೆ ನಂಬರಿನ ಒಂದು ಭಾಗ ಮಾತ್ರ ಕೊಳ್ಳುವುದಾದರೆ 11ಇ ನಕ್ಷೆ ಬೇಕು. ಕೊಟ್ಟಿಗೆ, ಬಚ್ಚಲು, ಅಂಗಳದ ಮೂಲೆ ಅರಣ್ಯ ಜಾಗಕ್ಕೆ ಚಾಚಿಕೊಂಡಿದ್ದರೆ ಅಷ್ಟನ್ನು ಮಾರಲು ಬರುವುದಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಸಿಕ್ಕ ಜಾಗ ಮಕ್ಕಳಿಗೆ ಹೋಗುತ್ತದೆ, ಮಾರಾಟಕ್ಕಿಲ್ಲ. ಋಣಭಾರ ಪತ್ರವನ್ನು ಕಾವೇರಿ ಪೋರ್ಟಲ್‌ನಲ್ಲೇ ಪಡೆಯಬಹುದು.

ಸಂಕೋಚ ಬೇಡ

ಮಾರುವವರು ಎಷ್ಟೋ ಸಲ ಸಂಬಂಧಿಕರೋ ಪರಿಚಯದವರೋ ಆಗಿರುತ್ತಾರೆ. ‘ಎಂಜಿನಿಯರ್ ಕರ್ಕೊಂಡು ಹೋದ್ರೆ ಏನಂದುಕೊಳ್ತಾರೋ’ ಎಂಬ ಸಂಕೋಚದಲ್ಲೇ ಅಡ್ವಾನ್ಸ್ ಕೊಟ್ಟುಬಿಡುತ್ತಾರೆ. ಮೊದಲೇ ಹೇಳಿ, ಅವರ ಎದುರೇ ನೋಡಿದರೆ ಆಮೇಲಿನ ಮನಸ್ತಾಪ ತಪ್ಪುತ್ತದೆ. ಮಾರುವವರಿಗೂ ಅನುಕೂಲವೇ: ‘ನೀವು ಹೇಳಲಿಲ್ಲ’ ಎಂಬ ಮಾತು ಬರುವುದಿಲ್ಲ.

ದೋಷ ಕಂಡ ತಕ್ಷಣ ಮನೆ ಬೇಡ ಅನ್ನಬೇಕಿಲ್ಲ. ಮಾಡು ಬಿಚ್ಚಿ ಹಾಕುವ ಖರ್ಚಿನ ಅಂದಾಜು ಪಟ್ಟಿ ಮುಂದಿಟ್ಟು ದರ ಮಾತಾಡಬಹುದು. ರಿಪೇರಿ ಮಾಡಿಸಿ ಕೊಡುವ ಷರತ್ತನ್ನು ಕರಾರಿನಲ್ಲೇ ಸೇರಿಸಬಹುದು. ತಪಾಸಣೆಗೆ ಮೊದಲೇ ಅಡ್ವಾನ್ಸ್ ಕೊಡಬೇಕಾಗಿ ಬಂದರೆ, ದೊಡ್ಡ ದೋಷ ಕಂಡಲ್ಲಿ ಹಣ ವಾಪಸ್ ಎಂದು ಬರೆಸಿಕೊಳ್ಳಬೇಕು. ಸಾಧ್ಯವಿದ್ದವರು ಜೋರು ಮಳೆಯ ಒಂದು ದಿನ ಹೋಗಿ ಮನೆಯೊಳಗೆ ಎರಡು ತಾಸು ಕೂತು ಬರುವುದು ಒಳ್ಳೆಯದು. ಬೇಸಿಗೆಯಲ್ಲಿ ಕಾಣದ್ದು ಅಂದು ಕಾಣುತ್ತದೆ.